ಇಲಿಗೆ ದಕ್ಕಿದ್ದು ಮನುಷ್ಯನಿಗೂ ದಕ್ಕೀತೆ?

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಎಷ್ಟೋ ಸಲ ಜೀವಕ್ಕೆ ಎರವಾಗುವುದು ಪೆಟ್ಟಿಗಿಂತ ಹೆಚ್ಚಾಗಿ, ನಂತರದ ಗಂಟೆಗಳಲ್ಲಿ ಏರುವ ಮೆದುಳಿನ ಊತ. ಬುರುಡೆ ಹಿಗ್ಗುವುದಿಲ್ಲ. ಊದಿದ ಮೆದುಳಿಗೆ ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ, ರಕ್ತಸಂಚಾರ ಕುಗ್ಗುತ್ತದೆ. ವೈದ್ಯರ ಕೈಯಲ್ಲಿರುವುದು ಹಳೆಯ ಉಪಾಯಗಳೇ: ಮ್ಯಾನಿಟಾಲ್ ಅಥವಾ ಗಾಢ ಉಪ್ಪುನೀರಿನ ಡ್ರಿಪ್, ಅದಕ್ಕೂ ಬಗ್ಗದಿದ್ದರೆ ಬುರುಡೆಯ ಒಂದು ತುಂಡನ್ನು ತೆಗೆದಿಡುವ ಶಸ್ತ್ರಚಿಕಿತ್ಸೆ.

ಕೊಕ್ಕೊ ಬೀಜದಲ್ಲಿರುವ ಎಪಿಕ್ಯಾಟೆಚಿನ್ ಎಂಬ ಸಂಯುಕ್ತ ಕುತೂಹಲ ಹುಟ್ಟಿಸಿರುವುದು ಈ ಕೊರತೆಯಿಂದಲೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಮೊದಲೇ ಕೊಟ್ಟ ಇಲಿಗಳಲ್ಲಿ ಪಾರ್ಶ್ವವಾಯುವಿನಿಂದಾದ ಹಾನಿ ಕಡಿಮೆಯಿತ್ತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ತಲೆಗೆ ಪೆಟ್ಟಾದ ಇಲಿಗಳ ಮೆದುಳಿನ ಊತವೂ ತಗ್ಗಿತ್ತು. ಜೀವಕೋಶಗಳು ತಮ್ಮನ್ನು ತಾವೇ ಕಾಪಾಡಿಕೊಳ್ಳುವ ಎನ್‌ಆರ್‌ಎಫ್‌2 ಎಂಬ ವ್ಯವಸ್ಥೆಯನ್ನು ಈ ಸಂಯುಕ್ತ ಚುರುಕುಗೊಳಿಸುತ್ತದೆ ಎಂಬುದು ಸಂಶೋಧಕರ ವಿವರಣೆ.

ಇದು ಗಟ್ಟಿ ವಿಜ್ಞಾನ, ಮುಂದುವರಿಯಲೇಬೇಕಾದ ಕೆಲಸ. ಆದರೆ ಚಿಕಿತ್ಸೆ ಎನ್ನಲು ಇಷ್ಟು ಸಾಲದು. 2010ರ ಅಧ್ಯಯನದಲ್ಲೇ, ಪಾರ್ಶ್ವವಾಯುವಾದ ಮೂರೂವರೆ ಗಂಟೆಯ ನಂತರ ಕೊಟ್ಟಾಗ ಸಿಕ್ಕ ಪ್ರಯೋಜನ ಆರು ಗಂಟೆ ತಡವಾದಾಗ ಸಿಗಲಿಲ್ಲ. ನಮ್ಮಲ್ಲಿ ಹಳ್ಳಿಯಿಂದ ದೊಡ್ಡಾಸ್ಪತ್ರೆ ತಲುಪುವಷ್ಟರಲ್ಲೇ ಆ ಹೊತ್ತು ಮೀರಿರುತ್ತದೆ.

ಊತ ಇಳಿಸುತ್ತದೆಂಬ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಸ್ಟೆರಾಯ್ಡ್‌ಗಳ ಕಥೆಯೇ ಸಾಕ್ಷಿ. ತಲೆಗೆ ಪೆಟ್ಟಾದವರಿಗೆ ದಶಕಗಳ ಕಾಲ ಸ್ಟೆರಾಯ್ಡ್ ಕೊಡಲಾಗುತ್ತಿತ್ತು. 10,008 ಮಂದಿಯ ಮೇಲೆ ನಡೆದ ‘ಕ್ರ್ಯಾಶ್’ ಪ್ರಯೋಗದ ಫಲಿತಾಂಶ 2004ರಲ್ಲಿ ಬಂದಾಗ ಸತ್ಯ ಹೊರಬಿತ್ತು. ಸ್ಟೆರಾಯ್ಡ್ ಪಡೆದವರಲ್ಲಿ ಶೇ 21.1ರಷ್ಟು ಮಂದಿ ಎರಡು ವಾರದೊಳಗೆ ಸತ್ತಿದ್ದರು, ಪಡೆಯದವರಲ್ಲಿ ಶೇ 17.9ರಷ್ಟು. ಮನುಷ್ಯರ ಮೇಲೆ ಶಿಸ್ತಿನ ಪರೀಕ್ಷೆ ನಡೆಯದಿದ್ದರೆ ಆ ಸಾವುಗಳು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಕೊಕ್ಕೊ ಸಾರವನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ಬಹುದೊಡ್ಡ ಪ್ರಯೋಗ ಅಮೆರಿಕದ ‘ಕಾಸ್ಮೋಸ್’. 21,442 ಹಿರಿಯರು ಭಾಗವಹಿಸಿದ್ದ ಇದರ ಫಲಿತಾಂಶ 2022ರಲ್ಲಿ ಬಂತು. ಹೃದಯ ಮತ್ತು ರಕ್ತನಾಳದ ಒಟ್ಟು ಅವಘಡಗಳು ಖಚಿತವಾಗಿ ಹೇಳುವಷ್ಟು ಕಡಿಮೆಯಾಗಲಿಲ್ಲ. ಹೃದ್ರೋಗದ ಸಾವು ಮಾತ್ರ ತಗ್ಗಿದಂತೆ ಕಂಡಿತು. ಮೆದುಳಿನ ಊತ ಅದರ ವಿಷಯವೇ ಆಗಿರಲಿಲ್ಲ. ಅದಕ್ಕೆ ನೆರವು ನೀಡಿದವರಲ್ಲಿ ಚಾಕೊಲೇಟ್ ಕಂಪನಿ ಮಾರ್ಸ್ ಕೂಡ ಇತ್ತು ಎಂಬುದೂ ಓದುಗರಿಗೆ ತಿಳಿದಿರಬೇಕು.

ಅಂಗಡಿಯ ಚಾಕೊಲೇಟಿನ ಮಾತಂತೂ ಬೇರೆಯೇ. ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿಯುವಾಗ ಎಪಿಕ್ಯಾಟೆಚಿನ್ ಬಹುಪಾಲು ನಷ್ಟವಾಗುತ್ತದೆ. ಉಳಿಯುವುದು ಹೆಚ್ಚಾಗಿ ಸಕ್ಕರೆ, ಕೊಬ್ಬು. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಗೆ ಕೊಕ್ಕೊ ಕೊಡುವ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಬೇಕು. ಆದರೆ ಆ ಬೆಲೆ ಸಾಬೀತಾಗದ ಔಷಧ ಗುಣದ ಪ್ರಚಾರದ ಮೇಲೆ ನಿಲ್ಲಬಾರದು.

ಸುದ್ದಿ ಬರೆಯುವವರು ‘ಇಲಿಗಳಲ್ಲಿ’ ಎಂಬ ಪದವನ್ನು ತಲೆಬರಹದಲ್ಲೇ ಹಾಕಲಿ. ಸರ್ಕಾರ ಇಂಥ ಸಂಯುಕ್ತಗಳ ಸ್ವತಂತ್ರ ಪ್ರಯೋಗಗಳಿಗೆ ಹಣ ಕೊಡಲಿ. ಅಲ್ಲಿಯವರೆಗೆ ನಮ್ಮ ಮೆದುಳನ್ನು ಕಾಯುವುದು ಪಟ್ಟಿ ಬಿಗಿದ ಹೆಲ್ಮೆಟ್ ಮತ್ತು ತಡಮಾಡದೆ 108ಕ್ಕೆ ಮಾಡಿದ ಕರೆ.