ಮನೆಯಂಗಳದ ಮಾತು: ಹೊರಗಿನ ವಾದ್ಯ, ಒಳಗಿನ ನಂಟು

ಮೊನ್ನೆ ಸಂಘದ ಮಿತ್ರರೊಬ್ಬರು ನಮ್ಮಲ್ಲಿಗೆ ಬಂದವರು ತಮ್ಮ ಅಳಲನ್ನು ತೋಡಿಕೊಂಡರು. ಮಗ ಕೀಬೋರ್ಡು ಕಲಿಯುತ್ತಿದ್ದಾನೆ, ಸಂತೋಷವೇ. ಆದರೆ ಹಗಲೂ ರಾತ್ರಿ ಜಾಸ್ ಅಂತೆ, ಬ್ರೆಜಿಲ್ ದೇಶದ ತಾಳವಂತೆ! “ಚೆನ್ನೈಯಲ್ಲಿದ್ದು, ಅದೂ ಮಾರ್ಗಳಿ ತಿಂಗಳಲ್ಲಿ, ಹೀಗಾದರೆ ಹೇಗೆ ಸ್ವಾಮಿ? ಮನೆಯಲ್ಲಿ ಕನ್ನಡ ಅರ್ಧ ಹೋಗಿದೆ. ಈಗ ಸಂಗೀತವೂ ಹೋಯಿತು” ಎಂದರು. ಅವರ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

ನಮಗೆ ನಗು ಬರಲಿಲ್ಲ. ನಮ್ಮ ಮನೆಯ ಮಕ್ಕಳೂ ಜಗಳವಾಡುವುದು ತಮಿಳಿನಲ್ಲೇ.

ಹುಡುಗ ಕೇಳುತ್ತಿದ್ದುದು ಏನೆಂದು ವಿಚಾರಿಸಿದೆವು. ಅಮೆರಿಕದ ಕೀಬೋರ್ಡು ವಾದಕ ಜಾರ್ಜ್ ಡ್ಯೂಕ್ 1979ರಲ್ಲಿ ಧ್ವನಿಮುದ್ರಿಸಿದ ‘ಎ ಬ್ರೆಜಿಲಿಯನ್ ಲವ್ ಅಫೇರ್’. ಆತ ಬ್ರೆಜಿಲಿನ ಲಯವನ್ನು ತನ್ನ ಊರಿನಲ್ಲಿ ಕುಳಿತು ಅನುಕರಿಸಲಿಲ್ಲ. ರಿಯೊ ನಗರಕ್ಕೇ ಹೋಗಿ, ಮಿಲ್ಟನ್ ನಾಸಿಮೆಂಟೊ, ಫ್ಲೋರಾ ಪುರಿಮ್ ಮೊದಲಾದ ಆ ನಾಡಿನವರನ್ನೇ ಜೊತೆಗೂಡಿಸಿಕೊಂಡ. ನೆಂಟರ ಅಡಿಗೆ ಕಲಿಯಬೇಕಾದರೆ ನೆಂಟರ ಒಲೆಯ ಮುಂದೆಯೇ ಕೂರಬೇಕಷ್ಟೆ.

ಇಂಥ ಕಥೆ ನಮ್ಮವರದೂ ಒಂದುಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನು ಕೇಳಿ ಮನಸೋತರು. ಅದು ಬೆಲ್ಜಿಯಂ ದೇಶದವನು ಮಾಡಿದ ವಾದ್ಯ. ಕೀಲಿ ಒತ್ತಿದರೆ ಸ್ವರಗಳು ಬಿಡಿಬಿಡಿಯಾಗಿ ಬೀಳುವಂಥದು. ಅದರಲ್ಲಿ ಗಮಕವನ್ನು ಪಳಗಿಸಲು ವರ್ಷಗಟ್ಟಲೆ ಹಿಡಿಯಿತು. ಚೆನ್ನೈಗೆ ಬಂದು ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠ ಹೇಳಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಇತ್ತ ಅಮೆರಿಕದ ಕೊಲರಾಡೊದಲ್ಲಿ, ಕರ್ನಾಟಕ ಮೂಲದ ಮನೆಯೊಂದರಲ್ಲಿ ಬೆಳೆದ ಹುಡುಗ ರುದ್ರೇಶ್ ಮಹಾಂತಪ್ಪ. ಅವನದೂ ಸ್ಯಾಕ್ಸಫೋನೇ, ಆದರೆ ಜಾಸ್. ಹೆಸರು ಕೇಳಿದವರೆಲ್ಲ ಇವನಿಗೆ ಭಾರತದ ಸಂಗೀತ ಬರುತ್ತದೆಂದೇ ತಿಳಿಯುತ್ತಿದ್ದರು, ಅವನಿಗೋ ಬಾರದು. ಒಮ್ಮೆ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಂದುಕೊಟ್ಟನಂತೆ. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂದಿತು. ನಮ್ಮ ಚೆನ್ನೈಯ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು ಅದರಲ್ಲಿ ಸೇರಿವೆ. ಹೆಸರಿನ ಅರ್ಥ ‘ಬಂಧುಗಳು’ ಎಂದು.

ವಾಚಕರು ಗಮನಿಸಬೇಕಾದುದು ಇದು. ದೂರ ಬೆಳೆದ ಹುಡುಗ ತಿರುಗಿ ನೋಡಿದಾಗ ಕಾಣಲು ಗೋಪಾಲನಾಥರೊಬ್ಬರು ಇದ್ದರು. ಹಿರಿಯರಲ್ಲಿ ಸರಕೇ ಇಲ್ಲದಿದ್ದರೆ ಕಿರಿಯರು ತಿರುಗಿ ನೋಡಿ ಕಾಣುವುದೇನು? ಮಗನ ಕೀಬೋರ್ಡನ್ನು ಮುಚ್ಚಿಸುವುದು ಸುಲಭ; ನಮ್ಮ ಬಾಯನ್ನು ತೆರೆಯುವುದು ಕಷ್ಟ. ಮಿತ್ರರಿಗೆ ಹೀಗೆಂದು ಹೇಳಿ, ‘ಕಿನ್ಸ್‌ಮೆನ್’ ಕೊಟ್ಟು ಕಳಿಸಿದೆವು.

ವಾರದ ಮೇಲೆ ಅವರೇ ಬಂದರು. ಅದರಲ್ಲಿ ‘ಕಲ್ಯಾಣಿ’ ಎಂಬ ಹೆಸರಿನದೊಂದು ಭಾಗವುಂಟು. ಹೆಸರು ಕಂಡೊಡನೆ ಇವರು, ಎಷ್ಟೋ ವರ್ಷದ ಮೇಲೆ, ಕಲ್ಯಾಣಿಯನ್ನು ಗುನುಗಿದರಂತೆ. ಮಗ ಕೀಬೋರ್ಡಿನಲ್ಲಿ ಅದನ್ನು ಹುಡುಕುತ್ತ, “ಅಪ್ಪಾ, ಈ ಸ್ವರ ನಿಮ್ಮ ಹಾಗೆ ಬಳುಕುವುದಿಲ್ಲವಲ್ಲ, ಇನ್ನೊಮ್ಮೆ ಹೇಳಿ” ಎಂದನಂತೆ.

ಕೇಳಿದ್ದು ಕನ್ನಡದಲ್ಲಿ.