ಕಿವಿ ಮಂದವಾದ ಮಗುವಿಗೆ ಇಂಗ್ಲಿಷೇ ಯಾಕೆ?

ಮಗುವಿಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ಗೊತ್ತಾದ ದಿನ ಅಪ್ಪ ಅಮ್ಮ ದಿಕ್ಕು ತೋಚದೆ ಕೂತಿರ್ತಾರೆ. ಆಗ ಯಾರು ಏನು ಹೇಳಿದರೂ ವೇದವಾಕ್ಯ. ಜೆಪಿ ನಗರದ ನನ್ನ ಗೆಳೆಯನಿಗೆ ಥೆರಪಿ ಸೆಂಟರಿನವರು ಕೊಟ್ಟ ಉಪದೇಶ ಇದು: "ಎರಡು ಭಾಷೆ ಆದ್ರೆ ಮಗು ಕನ್‌ಫ್ಯೂಸ್ ಆಗುತ್ತೆ. ಹೇಗಿದ್ರೂ ಸ್ಕೂಲು ಇಂಗ್ಲಿಷು, ಮನೇಲೂ ಅದನ್ನೇ ಮಾತಾಡಿ."

ಅಲ್ಲಾ ಸ್ವಾಮಿ, ಹಿಯರಿಂಗ್ ಏಡ್ ಹಾಕಿದ ಕೂಡಲೇ ಮಾತು ಬಂದುಬಿಡುತ್ತಾ? ಯಂತ್ರ ಸದ್ದನ್ನು ಮುಟ್ಟಿಸುತ್ತೆ, ಅಷ್ಟೇ. ಅದಕ್ಕೆ ಅರ್ಥ ತುಂಬುವುದು ಸ್ನಾನ ಮಾಡಿಸುವಾಗ, ತುತ್ತು ತಿನ್ನಿಸುವಾಗ, ರಚ್ಚೆ ಹಿಡಿದಾಗ ಮನೆಯವರು ಆಡುವ ಮಾತು. ನಾಗಮಂಗಲದಿಂದ ಬಂದ ಅಜ್ಜಿ ಅದನ್ನೆಲ್ಲ ಇಂಗ್ಲಿಷಿನಲ್ಲಿ ಆಡ್ತಾಳಾ? ಬಾಯಿ ಮುಚ್ಕೊಂಡು ಕೂರ್ತಾಳೆ. ಮೊದಲೇ ಕಡಿಮೆ ಕೇಳುವ ಮಗುವಿನ ಸುತ್ತ ಇನ್ನಷ್ಟು ಮೌನ!

ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತಪಡಿಸಿಕೊಳ್ಳುವುದು, 6 ತಿಂಗಳೊಳಗೆ ನೆರವು ಶುರು. ಇದು ತಜ್ಞರೇ ಒಪ್ಪಿರುವ ಲೆಕ್ಕ. ಇಷ್ಟು ತುರ್ತಿನ ಕಾಲವನ್ನು ತಂದೆತಾಯಿಯ ಹರುಕುಮುರುಕು ಇಂಗ್ಲಿಷಿಗೆ ಬಲಿ ಕೊಡಬೇಕೇ?

ಕನ್ನಡದಲ್ಲಿ ಆಗಲ್ಲ ಅನ್ನುವವರು ಮೈಸೂರಿನ ಮಾನಸಗಂಗೋತ್ರಿಗೆ ಹೋಗಿ ನೋಡಲಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳಿಗೆ ಕನ್ನಡದಲ್ಲೇ ಮಾತು ಕಲಿಸ್ತಾರೆ. ತಾಯಂದಿರಿಗೂ ತರಬೇತಿ ಕೊಡ್ತಾರೆ.

ಹಾಗಾಗಿ ಯಾರಾದರೂ ಕನ್ನಡ ಬಿಡಿ ಅಂದರೆ ತಿರುಗಿ ಕೇಳಿ: "ಕನ್ನಡದಲ್ಲಿ ಕಲಿಸೋರು ನಿಮ್ಮಲ್ಲಿ ಇದ್ದಾರಾ?" ಇಲ್ಲ ಅಂದರೆ ಆ ಕೊರತೆ ಅವರದು. ಅದನ್ನು ನಿಮ್ಮ ಮಗುವಿನ ತಲೆಗೆ ಕಟ್ಟಲು ಬಿಡಬೇಡಿ.