ಚಿತಾಗಾರದ ಉಪಕರಣಗಳು: ಆಯ್ಕೆಗೆ ಲೆಕ್ಕವೇ ಆಧಾರ

ಸ್ಮಶಾನದ ಮಾತೆತ್ತಿದೊಡನೆ ಮುಖ ತಿರುಗಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಎಲ್ಲರೂ ಒಂದು ದಿನ ಸೇರಲೇಬೇಕಾದ ಸ್ಥಳವನ್ನು ಕುರಿತು ಮುಂಚಿತವಾಗಿ ಆಲೋಚಿಸುವುದು ಅಮಂಗಳವಲ್ಲ, ವಿವೇಕ. ೨೦೨೧ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಶವವಾಹನಗಳು ಸಾಲುಗಟ್ಟಿ ನಿಂತುದನ್ನು ನಾವು ಮರೆಯಲಾಗದು. ಚಿತಾಗಾರವೆಂದರೆ ಕುಲುಮೆಯೊಂದೇ ಅಲ್ಲ. ಸರದಿ ಬರುವ ತನಕ ದೇಹವನ್ನು ಕಾಪಾಡುವ ಶೈತ್ಯಪೆಟ್ಟಿಗೆಯೂ, ಅದನ್ನು ಸಾಗಿಸುವ ಬಂಡಿಯೂ ಅಷ್ಟೇ ಮುಖ್ಯವಾದುವು. ಇವನ್ನು ಹೊರಗಿನ ಹೊಳಪು ನೋಡಿಯೋ, ಬೆಲೆಯೊಂದನ್ನೇ ನೋಡಿಯೋ ಕೊಳ್ಳುವುದು ತಪ್ಪೆಂದು ನನ್ನ ಅಭಿಪ್ರಾಯ.

ಕಾಲೇಜಿನಲ್ಲಿ ಕಲಿತ ಉಷ್ಣಶಾಸ್ತ್ರವನ್ನೇ ಇಲ್ಲಿಗೆ ಅನ್ವಯಿಸೋಣ. ೬೦ ಕಿಲೋಗ್ರಾಂ ತೂಕದ ದೇಹವನ್ನು ೩೭ ಡಿಗ್ರಿಯಿಂದ ೪ ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕಾಗಿದೆ. ದೇಹದ ವಿಶಿಷ್ಟೋಷ್ಣ ಸುಮಾರು ೦.೮೩. ಆದುದರಿಂದ ಹೊರತೆಗೆಯಬೇಕಾದ ಉಷ್ಣ ಸುಮಾರು ೧೬೪೦ ಕಿಲೋಕ್ಯಾಲೊರಿ. ಇದು ೨೦ ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಬಲ್ಲ ಉಷ್ಣ.

ಇನ್ನು ಗೋಡೆಯ ಲೆಕ್ಕ. ಹತ್ತು ಚದರ ಮೀಟರ್ ಮೈಯುಳ್ಳ ಪೆಟ್ಟಿಗೆಗೆ ೧೦ ಸೆಂಟಿಮೀಟರ್ ದಪ್ಪದ ಪಾಲಿಯುರಿಥೇನ್ ಹೊದಿಕೆಯಿದ್ದು, ಒಳಗೂ ಹೊರಗೂ ೩೦ ಡಿಗ್ರಿ ಅಂತರವಿದ್ದರೆ ಸುಮಾರು ೭೫ ವಾಟ್ ಉಷ್ಣ ಒಳನುಗ್ಗುತ್ತದೆ. ಒಂದು ದಿನಕ್ಕೆ ಅದು ಸುಮಾರು ೧೫೫೦ ಕಿಲೋಕ್ಯಾಲೊರಿ. ಅಂದರೆ ಪೆಟ್ಟಿಗೆ ಬರಿದಾಗಿದ್ದರೂ ಯಂತ್ರವು ದಿನವೂ ಹೆಚ್ಚುಕಡಮೆ ಒಂದು ದೇಹದಷ್ಟು ಉಷ್ಣವನ್ನು ಹೊರಹಾಕುತ್ತಿರಬೇಕು. ಹೊದಿಕೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಈ ಹೊರೆ ಇಮ್ಮಡಿಯಾಗುತ್ತದೆ; ವಿದ್ಯುತ್ತು ನಿಂತಾಗ ಒಳಗಿನ ತಂಪೂ ಬೇಗನೆ ಕಳೆದುಹೋಗುತ್ತದೆ. ಕೊಳ್ಳುವಾಗ ಉಳಿಸಿದ ಹಣವನ್ನು ಹೀಗೆ ಪ್ರತಿ ತಿಂಗಳೂ ತೆರಬೇಕಾಗುವುದು.

ದೊಡ್ಡ ಸಂಕೋಚಕ ಯಂತ್ರವನ್ನು ಕೊಂಡರೆ ದೇಹವು ಬಹುಬೇಗ ತಣ್ಣಗಾದೀತೆಂಬುದು ಕೆಲವರ ನಂಬಿಕೆ. ಮಾಂಸವೂ ಕೊಬ್ಬೂ ಉಷ್ಣವನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ಒಳಗಿನ ಶಾಖ ಮೇಲ್ಮೈಗೆ ಬರಲು ಅನೇಕ ಗಂಟೆಗಳೇ ಬೇಕು. ಹಾಗೆಂದು ಹೆಪ್ಪುಗಟ್ಟಿಸಹೊರಟರೆ ಗುಪ್ತೋಷ್ಣವನ್ನೂ ಹೊರತೆಗೆಯಬೇಕು. ಅನಂತರ ಅದನ್ನೇ ಕುಲುಮೆಯು ಮರಳಿ ಒದಗಿಸಬೇಕು. ಒಂದೆರಡು ದಿನಗಳ ನಿಲುಗಡೆಗೆ ೪ ಡಿಗ್ರಿಯೇ ಸಾಕು.

ಬಂಡಿಯ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಹೆಚ್ಚು. ತಟ್ಟೆಯೂ ಸೇರಿ ೭೦ ಕಿಲೋಗ್ರಾಂ ಭಾರವನ್ನು ಇಬ್ಬರು ಎತ್ತಿದರೆ ತಲಾ ೩೫ ಕಿಲೋಗ್ರಾಂ ಆಯಿತು. ದಿನಕ್ಕೆ ಹತ್ತಾರು ಬಾರಿ ಬಾಗಿ ಎತ್ತುವ ನೌಕರನ ಬೆನ್ನು ಎಷ್ಟು ವರ್ಷ ತಾಳೀತು? ಶೈತ್ಯಪೆಟ್ಟಿಗೆಯ ಹಲಗೆ, ಬಂಡಿ, ಕುಲುಮೆಯ ಬಾಗಿಲು ಈ ಮೂರೂ ಒಂದೇ ಎತ್ತರಕ್ಕೆ ಬರುವಂತಿದ್ದು, ನಡುವೆ ಉರುಳೆಗಳಿದ್ದರೆ ಎತ್ತುವ ಕೆಲಸವೇ ಇಲ್ಲ, ತಳ್ಳಿದರೆ ಸಾಕು. ಎತ್ತರದಲ್ಲಿ ವ್ಯತ್ಯಾಸವಿದ್ದೆಡೆ ಪೆಡಲು ತುಳಿದರೆ ತೈಲದ ಒತ್ತಡದಿಂದ ಮೇಲೇರುವ ಬಂಡಿಯನ್ನು ಕೊಳ್ಳಬೇಕು. ಪಾಸ್ಕಲನ ನಿಯಮ ಪರೀಕ್ಷೆಗಾಗಿ ಮಾತ್ರ ಇರುವುದಲ್ಲವಷ್ಟೆ! ತಟ್ಟೆ ತುಕ್ಕುಹಿಡಿಯದ ಉಕ್ಕಿನದಾಗಿರಲಿ; ಮರವು ತೇವವನ್ನು ಹೀರುವುದರಿಂದ ಅದನ್ನು ಶುಚಿಮಾಡುವುದು ಕಷ್ಟ.

ಇವೆಲ್ಲವೂ ಸಾಮಾನ್ಯ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕಗಳು. ನಾಳೆ ನಿಮ್ಮಲ್ಲಿ ಕೆಲವರು ಪುರಸಭೆಯ ಸದಸ್ಯರೋ ಎಂಜಿನಿಯರುಗಳೋ ಆಗುವಿರಿ. ಅಂದು ಕುಲುಮೆಯ ಬೆಲೆಯನ್ನು ಕೇಳುವ ಮೊದಲು ಗೋಡೆಯ ದಪ್ಪವನ್ನೂ ಬಾಗಿಲಿನ ಎತ್ತರವನ್ನೂ ಅಳೆದು ನೋಡಿರಿ. ಮೃತರಿಗೆ ಗೌರವವೂ ದುಡಿಯುವವನಿಗೆ ನೆಮ್ಮದಿಯೂ ದೊರೆಯುವುದು ಆ ಅಳತೆಗಳಿಂದಲೇ.